ಮೇಣದಲ್ಲಿ ಉಳಿದ ಕೆಮ್ಮು

ಶಿಕಾಗೋದ ನಮ್ಮ ಕಬ್ಬಿಣದ ಸಾಮಾನಿನ ಕಂಪನಿಯಲ್ಲಿ ನನ್ನದು ಕೆರೆಯುವ ಕೆಲಸ. ಗುಮಾಸ್ತರು ಯಂತ್ರದ ಕೊಳವೆಗೆ ಬಾಯಿಟ್ಟು ಪತ್ರ ಹೇಳುತ್ತಾರೆ, ಮಾತು ಮೇಣದ ಉರುಳೆಯ ಮೇಲೆ ಗೀರಾಗುತ್ತದೆ, ಹುಡುಗಿಯರು ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಕೇಳಿ ಟೈಪು ಮಾಡುತ್ತಾರೆ. ಆಮೇಲೆ ನಾನು ಉರುಳೆಯ ಮೇಲ್ಪದರ ಕೆರೆದು, ನುಣುಪು ಮಾಡಿ, ಮರುದಿನಕ್ಕೆ ಕಳಿಸುತ್ತೇನೆ. ಎಂಥ ದೊಡ್ಡವರ ಮಾತೂ ಕೊನೆಗೆ ನನ್ನ ಪೊರಕೆಗೇ ಸೇರುವುದು ಎಂದು ಜಂಬ ಕೊಚ್ಚುತ್ತಿದ್ದೆ.

ಗುಮಾಸ್ತ ಆಲ್ಬನ್ ಫೆಬ್ರವರಿಯಲ್ಲಿ ನ್ಯುಮೋನಿಯಾ ಆಗಿ ಸತ್ತ. ಟೈಪಿಸ್ಟ್ ಕೋರಾಳ ಜೊತೆ ಅವನ ಮದುವೆ ಗೊತ್ತಾಗಿತ್ತು. ಪತ್ರ ಮುಗಿದು ಉರುಳೆಯಲ್ಲಿ ಜಾಗ ಮಿಕ್ಕರೆ ಅವಳಿಗೆಂದೇ ಎರಡು ಮಾತು ಸೇರಿಸುತ್ತಿದ್ದ. ಆಫೀಸಿಗೆಲ್ಲ ಗೊತ್ತಿದ್ದ ಗುಟ್ಟು ಅದು.

ಮಣ್ಣು ಮಾಡಿ ಬಂದ ಮರುದಿನ ಅವಳು ಕೇಳಿದಳು: "ವಿಲ್ಮಾ, ಅವನ ಕೊನೇ ಉರುಳೆ ಉಳಿದಿದ್ಯಾ?"

"ಇಲ್ಲ ಕಣೇ. ಆಫೀಸಿಗೆ ಬಂದ ಕೊನೇ ದಿನ ಅವನು ಏನೂ ಹೇಳ್ಲೇ ಇಲ್ಲ."

ಹಸಿ ಸುಳ್ಳು. ಅವಳು ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದಾಗ ಬೇರೆ ಹುಡುಗಿ ಆ ಕೊನೇ ಉರುಳೆಯನ್ನು ಟೈಪು ಮಾಡಿದ್ದಳು. ಬುಟ್ಟಿಗೆ ಬಂದದ್ದನ್ನು ನಾನು ನೋಡದೆ ಕೆರೆದಿದ್ದೆ.

ಏಪ್ರಿಲ್‌ನಲ್ಲಿ ಕೋರಾ ಒಂದು ಉರುಳೆ ಅವಚಿಕೊಂಡು ನನ್ನ ಬಳಿ ಓಡಿಬಂದಳು. "ಪ್ರೆಂಟಿಸ್ ಮುದುಕನ ಪತ್ರದ ಅಡೀಲಿ ಅವನಿದ್ದಾನೆ ಕಣೇ! ಕೆಮ್ಮಿದ. ನನ್ನ ಹೆಸರು ಕರೆದ."

ಕೊಳವೆ ಸಿಕ್ಕಿಸಿಕೊಂಡು ಕೇಳಿದೆ. ತುಕ್ಕು ಹಿಡಿದ ಬಾಗಿಲ ಕೀಲುಗಳ ಬಗ್ಗೆ ಹಿರಿಯ ಗುಮಾಸ್ತ ಪ್ರೆಂಟಿಸ್ ಹೇಳಿದ ಪತ್ರದ ಹಿಂದೆ, ಗೋಡೆಯಾಚೆ ನಿಂತವನ ಹಾಗೆ ಆಲ್ಬನ್. ಫೆಬ್ರವರಿಯಲ್ಲಿ ಕೆರೆದಾಗ ನನ್ನ ಅಲಗು ಸಾಕಷ್ಟು ಆಳಕ್ಕೆ ಇಳಿದಿರಲಿಲ್ಲ; ಉಳಿದ ಗೀರಿನ ಮೇಲೇ ಹೊಸ ಪತ್ರ ಬಿದ್ದಿತ್ತು.

"ಮೇಲಿನ ಮುದುಕನ್ನ ಕೆರೆದು ಬಿಸಾಕು. ಕೆಳಗಿರೋನು ಉಳೀಲಿ," ಎಂದಳು.

"ಆಗಲ್ಲ ಕೋರಾ. ಅವನ ಗೀರು ಸವೆದು ತೆಳ್ಳಗಾಗಿದೆ, ಕೆರೆದ್ರೆ ಮೊದಲು ಹೋಗೋದು ಅವನೇ. ಒಂದ್ಸಲ ಕೆರೆದವಳೂ ನಾನೇ. ಅವತ್ತು ನಿಂಗೆ ಸುಳ್ಳು ಹೇಳ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉರುಳೆಯನ್ನು ತನ್ನ ಡ್ರಾಯರಿನಲ್ಲಿಟ್ಟು, ದಿನಾ ಊಟದ ಹೊತ್ತಿನಲ್ಲಿ ಕೇಳತೊಡಗಿದಳು. ಕೇಳಿದಷ್ಟೂ ಮೇಣ ಸವೆಯುತ್ತದೆಂದು ಅವಳಿಗೂ ಗೊತ್ತಿತ್ತು.

ಜೂನಿನಲ್ಲಿ ಒಂದು ದಿನ ನನ್ನನ್ನು ಕರೆದು ಒಂದು ಕಿವಿಗೊಳವೆಯನ್ನು ನನಗೆ ಕೊಟ್ಟಳು. ಪ್ರೆಂಟಿಸ್, ಕೀಲು, ತುಕ್ಕು. ಅದರಾಚೆ ಬರೀ ಗರಗರ.

"ಕೇಳಿಸ್ತಾ?"

"ಕೇಳಿಸ್ತು ಕಣೇ. ನಿನ್ನ ಹೆಸರೇ."

"ನಂಗೆ ಒಂದು ವಾರದಿಂದ ಕೇಳಿಸ್ತಿಲ್ಲ." ಅವಳು ಕಣ್ಣು ಮುಚ್ಚಿಕೊಂಡಳು. "ಹೇಗೆ ಕರೆದ? ಅವನ ಥರಾನೇ ಹೇಳು."

ನಾನು ಕೆಮ್ಮಿದೆ. ಆಮೇಲೆ ಅವಳ ಹೆಸರು ಕರೆದೆ.