ಪಾಂಡಪ್ಪನ ಗಾಡಿಯ ಸಪ್ಪಳ

ಡೀಸೆಲ್ ಎಂಜಿನ್ನಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ತಡೆಯಲಾಗುವುದಿಲ್ಲ. ಜಮಖಂಡಿಯ ಮುಧೋಳ ರಸ್ತೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿರುವವನು ನಾನು, ಅಮಸಿದ್ದಪ್ಪ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಒಳಗೆ ಏನು ಕೆಟ್ಟಿದೆ ಎಂದು ಹೇಳಬಲ್ಲೆ. ಇಲ್ಲದ ರೋಗ ಹೇಳಿ ಗಿರಾಕಿಯ ತಲೆ ಬೋಳಿಸುವವರ ಮುಖ ನೋಡಲೂ ನನಗೆ ಮನಸ್ಸಿಲ್ಲ. ಎಂಜಿನ್ನಿನ ವಿಷಯದಲ್ಲಿ ನಾನು ಒಂದು ದಿನವೂ ಸುಳ್ಳು ಹೇಳಿದವನಲ್ಲ.

ಅದಕ್ಕೇ ಪಾಂಡಪ್ಪ ಟರ್ಬೊ ಪೆಟ್ರೋಲಿನ ಹೊಸ ಪಿಕಪ್ ತರುತ್ತೇನೆ ಅಂದಾಗ ಬೈದೆ.

ಪಾಂಡಪ್ಪ ಅನಗವಾಡಿಯವನು. ಅಣೆಕಟ್ಟಿನ ಹಿನ್ನೀರು ಬಂದ ವರ್ಷ ಡೀಸೆಲ್ ಪಿಕಪ್ ಕೊಂಡು, ಹೊಳೆದಂಡೆಯ ಊರು ಬಿಟ್ಟವರ ತೊಲೆ, ಬಾಗಿಲು, ಕುರಿಗಳನ್ನೆಲ್ಲ ಸಾಗಿಸಿದವನು. ಹದಿನೆಂಟು ವರ್ಷದಲ್ಲಿ ಆ ಗಾಡಿ ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ. ಆದರೂ ಪ್ರತಿ ಅಮಾವಾಸ್ಯೆಗೆ ತಪ್ಪದೆ ನನ್ನಲ್ಲಿಗೆ ಬರುತ್ತಿದ್ದ. ಆ ದಿನ ನಮ್ಮ ಕಡೆಯ ಡ್ರೈವರುಗಳು ಬಾಡಿಗೆಗೆ ಹೋಗುವುದಿಲ್ಲ. ಗಾಡಿ ತೊಳೆದು, ಕಾಯಿ ಒಡೆದು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ. ನಾನು ಎಂಜಿನ್ನಿಗೆ ಕಿವಿಗೊಟ್ಟು, ಎರಡು ನಟ್ಟು ಬಿಗಿದು "ಆತು" ಅಂದ ಮೇಲೆ, ಅವನ ಹೆಂಡತಿ ಮಾದೇವಿ ಕಟ್ಟಿಕೊಟ್ಟ ರೊಟ್ಟಿ, ಜುಣಕ ಬಿಚ್ಚಿ ಇಬ್ಬರೂ ಉಣ್ಣುತ್ತಿದ್ದೆವು. ನನ್ನ ಹೆಂಡತಿ ತಾರವ್ವ ತೀರಿಕೊಂಡು ಆರು ವರ್ಷವಾಯಿತು. ಅಲ್ಲಿಂದೀಚೆಗೆ ನಾನು ಇನ್ನೊಬ್ಬರ ಎದುರು ಕೂತು ಉಂಡದ್ದು ಆ ಅಮಾವಾಸ್ಯೆಗಳಲ್ಲಿ ಮಾತ್ರ. ಉಳಿದ ದಿನ ಖಾನಾವಳಿಯಲ್ಲಿ ಗೋಡೆ ನೋಡುತ್ತ ಉಣ್ಣುತ್ತೇನೆ.

"ಪೆಟ್ರೋಲ್ ಗಾಡಿ ಅಂದ್ರ ಪುರಿ ಇದ್ದಂಗ ಲೇ," ಅಂದೆ. "ಉಬ್ಬತೈತಿ, ಹೊಟ್ಟಿ ತುಂಬಂಗಿಲ್ಲ. ಡೀಸೆಲ್ ಅಂದ್ರ ಜ್ವಾಳದ ರೊಟ್ಟಿ. ಸಣ್ಣ ಎಂಜಿನ್ನಿಗೆ ಟರ್ಬೊ ಕಟ್ಟಿ ಲೋಡ್ ಎಳಸಿದ್ರ ಕಾದು ಕಾದು ಸಾಯತೈತಿ. ವರ್ಷದಾಗ ಮೂಲಿಗಿ ಕುಂದರತೈತಿ, ಬರದಿಟ್ಕೊ."

"ಹಳೇದು ಆರ್‌ಟಿಓದಾಗ ಪಾಸಿಂಗ್ ಆಗವಲ್ದೋ ಮಾರಾಯ. ಮಾದೇವಿಗೂ ಸೊಂಟಾ ನೋವು. ಇದರಾಗ ಕುಲಕಾಟ ಇಲ್ಲ, ಸಪ್ಪಳ ಇಲ್ಲ."

ತಂದೇಬಿಟ್ಟ. ಹೊರಗಿನ ಮೆಕ್ಯಾನಿಕ್ ಕೈ ಹಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದು ಶೋರೂಮಿನವರು ಹೇಳಿದ್ದರಂತೆ. ಮುಂದಿನ ಅಮಾವಾಸ್ಯೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಾಡಿ ಕೆಡಲಿ ಎಂದು ಬೀರಪ್ಪನಿಗೆ ಐದು ಕಾಯಿ ಹರಕೆ ಹೊತ್ತೆ. ಅದು ಕೆಡಲಿಲ್ಲ. ತುಬಚಿಯ ಏರಿಯನ್ನು ತುಂಬಿದ ಲೋಡಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಹತ್ತುತ್ತದೆ ಎಂದು ಬಂದವರೆಲ್ಲ ಹೇಳಿ ನನ್ನ ಹೊಟ್ಟೆ ಉರಿಸಿದರು.

ಆರನೆಯ ಅಮಾವಾಸ್ಯೆಯ ಮಧ್ಯಾಹ್ನ ಪಾಂಡಪ್ಪ ಬಂದ. ಗಾಡಿ ಬಂದದ್ದೇ ನನಗೆ ಗೊತ್ತಾಗಲಿಲ್ಲ. ಬುತ್ತಿಗಂಟು ಹಿಡಿದು ಇಳಿದ.

"ಏನೋ ಸಪ್ಪಳ ಬರಾಕತ್ತೈತಿ, ನೋಡ," ಅಂದ.

ಕಡೆಗೂ ಕೆಟ್ಟಿತು ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಹಚ್ಚಿ ಕೇಳಿದೆ. ರೇಸ್ ಮಾಡಿಸಿ ಕೇಳಿದೆ. ಟರ್ಬೊ ಹತ್ತಿರ ಹಚ್ಚಿಯೂ ಕೇಳಿದೆ. ಎಲ್ಲಿಯೂ ಒಂದು ತಪ್ಪು ಇರಲಿಲ್ಲ. ನಾನು ಬೈದ ಎಂಜಿನ್ನು ನನ್ನ ಮುಂದೆಯೇ ಅಷ್ಟು ಚಂದ ಓಡುತ್ತಿತ್ತು. ಸಿಟ್ಟು ನೆತ್ತಿಗೇರಿತು.

"ಏನೂ ಆಗಿಲ್ಲ. ಸುಮ್ಮನ ನನ್ನ ಹೊತ್ತು ಹಾಳ ಮಾಡಬ್ಯಾಡ, ನಡಿ."

"ಇನ್ನೊಮ್ಮಿ ಕೇಳೋ."

"ಇಪ್ಪತ್ತೆಂಟ ವರ್ಷದ ಕಿವಿ ಇದು. ಏನೂ ಇಲ್ಲ ಅಂದ್ರ ಇಲ್ಲ."

ಪಾಂಡಪ್ಪ ಬುತ್ತಿಗಂಟನ್ನು ಸೀಟಿನ ಮೇಲಿಟ್ಟು, ಗಾಡಿ ತಿರುಗಿಸಿಕೊಂಡು ಹೋದ.

ಅವನು ಕಣ್ಮರೆಯಾದ ಮೇಲೆ ನನಗೆ ತಿಳಿಯಿತು. ಗ್ಯಾರಂಟಿ ಹೋದರೆ ಹೋಗಲಿ ಎಂದು, ಇಲ್ಲದ ಸಪ್ಪಳ ಹೊತ್ತುಕೊಂಡು ಅಷ್ಟು ದೂರದಿಂದ ಬಂದವನನ್ನು ನಾನು ಊಟದ ಹೊತ್ತಿನಲ್ಲಿ ಓಡಿಸಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತು ಖಾನಾವಳಿಗೂ ಹೋಗಲಿಲ್ಲ, ಗ್ಯಾರೇಜಿನ ಬಾಗಿಲೆಳೆದು ಒಳಗೆ ಕೂತು ಅತ್ತೆ.

ಮುಂದಿನ ಅಮಾವಾಸ್ಯೆಗೆ ಅವನು ಬರಲಿಲ್ಲ. ಅದರ ಮುಂದಿನದರ ಹಿಂದಿನ ದಿನ ನಾನೇ ಫೋನ್ ಮಾಡಿದೆ.

"ಪಾಂಡ್ಯಾ, ನಿನ್ನ ಗಾಡ್ಯಾಗ ಸಪ್ಪಳ ಐತಿ."

"ನೀನ ಇಲ್ಲ ಅಂದಿದ್ದಿ?"

"ಅವತ್ತ ಸಿಟ್ಟಿನಾಗಿದ್ದೆ. ಐತಿ. ಸಣ್ಣದ ಐತಿ, ಬಿಟ್ರ ಬೆಳೀತೈತಿ. ನಾಳಿ ತಗೊಂಡ ಬಾ."

ಅವನು ಫೋನ್ ಇಟ್ಟೇಬಿಡುತ್ತಾನೇನೋ ಎಂದು ಹೆದರಿದೆ.

"ನನಗೂ ಹಂಗ ಅನಿಸಿತ್ತು," ಅಂದ. "ಒಂದ ಸರ್ತಿಗಿ ಹೋಗತೈತೇನು?"

"ಇಲ್ಲೋ. ಪ್ರತಿ ತಿಂಗಳಾ ತೋರಿಸಬೇಕಾಗತೈತಿ."