ಆರು ಸಾವಿರದಾಚೆಯ ಬಿಕ್ಕಳಿಕೆ

ಅತ್ತೆ ಸೊಸೆ ಜಗಳವಾಡಲು ಕಾರಣಗಳಿಗೇನು ಬರವೇ? ಉಪ್ಪು ಒಂದು ಹರಳು ಹೆಚ್ಚಾದರೆ ಸಾಕು, ಬಾಗಿಲು ಸ್ವಲ್ಪ ಜೋರಾಗಿ ಹಾಕಿಕೊಂಡರೆ ಸಾಕು. ಆದರೆ ಈ ಮನೆಯ ಅತ್ತೆ ಸೊಸೆ ಮುಖ ತಿರುಗಿಸಿಕೊಂಡಿದ್ದು ಕಾರಿನ ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ದಾಟಿದ ಮೇಲೆ ಬಿಕ್ಕಳಿಸುತ್ತದೋ ಇಲ್ಲವೋ ಎಂಬ ಮಾತಿಗೆ. ಸೊಸೆ ಬಿಕ್ಕಳಿಸುತ್ತದೆ ಎನ್ನುತ್ತಿದ್ದಳು, ಅತ್ತೆ ಇಲ್ಲ ಎನ್ನುತ್ತಿದ್ದರು. ಅತ್ತೆ ಇಲ್ಲ ಎಂದರೆ ಆ ಬೀದಿಯಲ್ಲಿ ಅದು ಇಲ್ಲವೆಂದೇ ಲೆಕ್ಕ.

ಅತ್ತೆ ಮೆಕ್ಯಾನಿಕ್. ಮನೆಯ ಮುಂಭಾಗವೇ ಗ್ಯಾರೇಜು. ಮಾವ ಇದ್ದಾಗ ಅವರ ಜೊತೆ ಕೈ ಕಪ್ಪು ಮಾಡಿಕೊಂಡು ಕಲಿತದ್ದು, ಅವರು ಹೋದ ಮೇಲೆ ಒಬ್ಬರೇ ನಡೆಸಿಕೊಂಡು ಬಂದದ್ದು. ಕಾರು ಯಾವುದೇ ಬರಲಿ, ಮೊದಲು ಯಾರೂ ಮಾತಾಡುವ ಹಾಗಿಲ್ಲ. ಅತ್ತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚುತ್ತಾರೆ. ಕಣ್ಣು ತೆರೆಯುವಷ್ಟರಲ್ಲಿ ರೋಗ ಇಂಥದ್ದೆಂದು ಗೊತ್ತಾಗಿರುತ್ತದೆ. ಅವರ ಕಿವಿ ನಂಬಿ ದೂರದಿಂದ ಗಾಡಿ ತರುವವರಿದ್ದರು. ಅದೇ ಗ್ಯಾರೇಜಿನ ಮೂಲೆಯಲ್ಲಿ ಅವರ ಮಗ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟಿನ ಕವರು ಹೊಲಿಯುತ್ತಿದ್ದ. ಅಮ್ಮ ಮತ್ತು ಹೆಂಡತಿಯ ಜಗಳ ಶುರುವಾಯಿತೆಂದರೆ ಅವನ ಯಂತ್ರ ಇನ್ನೂ ಜೋರಾಗಿ ಓಡುತ್ತಿತ್ತು, ಪಾಪ.

ಸೊಸೆ ಗ್ಯಾರೇಜಿನ ಹೆಸರಲ್ಲಿ ಬೆಟ್ಟದ ರಸ್ತೆಯ ರೇಸ್ ಓಡಿಸುವವಳು. ಮದುವೆಗೆ ಮುಂಚೆಯೂ ಓಡಿಸುತ್ತಿದ್ದಳು. ಅತ್ತೆ ಆ ಕಾರಣಕ್ಕೇ ಅವಳನ್ನು ಇಷ್ಟಪಟ್ಟು ತಂದುಕೊಂಡಿದ್ದು, ಮಗನನ್ನು ಕೇಳಿದ್ದು ಆಮೇಲೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹೋದ ವರ್ಷ ಒಂದು ತಿರುವಿನಲ್ಲಿ ಕಾರು ಪಲ್ಟಿಯಾಗಿ ಅವಳ ಮೊಣಕೈ ಮುರಿಯಿತು. ಕೈಗೆ ಪ್ಲಾಸ್ಟರು ಹಾಕಿಕೊಂಡು ಅವಳು ಮನೆಯಲ್ಲಿದ್ದಾಗ ಅತ್ತೆ ಸುಮ್ಮನೆ ಕೂರಲಿಲ್ಲ. ಡೊಂಕಾದದ್ದನ್ನೆಲ್ಲ ನೆಟ್ಟಗೆ ಮಾಡಿ, ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದರು. ಬೆಲ್ಟಿನಿಂದ ತಿರುಗುತ್ತ ಇಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುರುಕುವ ಯಂತ್ರ ಅದು. ಗಾಳಿ ಹೆಚ್ಚು, ಪೆಟ್ರೋಲು ಹೆಚ್ಚು, ಬಲ ಹೆಚ್ಚು. ಸೊಸೆ ವಾಸಿಯಾಗಿ ಬಂದಾಗ ಉಡುಗೊರೆ ಕೊಡುವವರ ಹಾಗೆ ಬಾನೆಟ್ ಎತ್ತಿ ತೋರಿಸಿದ್ದರು.

ಎಡವಟ್ಟಾದದ್ದು ಅಲ್ಲಿಯೇ. ಹೊಸ ಯಂತ್ರ ಬಂದದ್ದೂ ಪೆಟ್ಟು ತಿಂದ ಸೊಸೆ ಮತ್ತೆ ಸ್ಟೀರಿಂಗ್ ಹಿಡಿದದ್ದೂ ಒಟ್ಟೊಟ್ಟಿಗೆ. ಮೊದಲ ರೇಸಿನಲ್ಲೇ ಏರು ರಸ್ತೆಯಲ್ಲಿ ಮೀಟರಿನ ಮುಳ್ಳು ಆರು ಸಾವಿರ ದಾಟುತ್ತಿದ್ದಂತೆ ಇಂಜಿನ್ ತೊದಲಿತು. ಬಲ ಬರುತ್ತದೆ, ತಪ್ಪುತ್ತದೆ, ಮತ್ತೆ ಬರುತ್ತದೆ. ಎರಡನೆಯ ರೇಸಿನಲ್ಲೂ ಅದೇ ಕತೆ. ಅತ್ತೆ ಸೊಸೆಯ ಮಾತಿಗೆ ಬೆಲೆ ಕೊಡದೆ ಇರಲಿಲ್ಲ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಿಸಿದರು, ವೈರುಗಳನ್ನು ಬದಲಿಸಿದರು, ಗ್ಯಾರೇಜಿನಲ್ಲೇ ನಿಲ್ಲಿಸಿಕೊಂಡು ಇಂಜಿನ್ ಕಿರುಚುವವರೆಗೆ ಏರಿಸಿ ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟರು. ಎಲ್ಲವೂ ಸರಿಯಾಗಿತ್ತು. ಕಡೆಗೆ ಮುಂದಿನ ರೇಸಿನ ದಿನ ತಾವೇ ತಿರುವಿನಲ್ಲಿ ನಿಂತು ಕೇಳಿಸಿಕೊಂಡು, ಇಂಜಿನ್ ಎಲ್ಲೂ ತಪ್ಪುತ್ತಿಲ್ಲ, ಆ ವೇಗಕ್ಕೆ ಬಂದಾಗ ಇವಳೇ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಿದ್ದಾಳೆ ಎಂದು ತೀರ್ಪು ಕೊಟ್ಟರು.

ಬೈದು ಹೇಳಿದ್ದರೆ ಸೊಸೆಯೂ ಎರಡು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದಳು. ಅತ್ತೆ ಹೇಳಿದ್ದು ಅವಳ ತಲೆ ಸವರುತ್ತ. ಒಮ್ಮೆ ಬಿದ್ದ ಮೈಗೆ ಭಯ ಗೊತ್ತಿರುತ್ತದೆ, ನಿನಗೆ ಗೊತ್ತಿಲ್ಲದೆಯೇ ಕಾಲು ಎತ್ತುತ್ತದೆ, ಇದರಲ್ಲಿ ನಾಚಿಕೆ ಏನು, ಭಾನುವಾರದ ರೇಸಿಗೆ ನಮ್ಮ ಬೀದಿಯ ಟೈರ್ ಅಂಗಡಿಯವನು ಕೂರಲಿ, ಅವನಿಗೂ ಓಡಿಸಿ ಗೊತ್ತು, ನೀನು ಈ ವರ್ಷ ಸುಧಾರಿಸಿಕೋ ಎಂದರು. ಆ ಕರುಣೆಯೇ ಸೊಸೆಗೆ ಚುಚ್ಚಿದ್ದು. ಅಷ್ಟು ಜನರ ಗಾಡಿ ನೋಡಿದ ಹೆಂಗಸು ಹೇಳುತ್ತಿದ್ದಾರೆ, ನಿಜವೇ ಇರಬಹುದು ಎನ್ನಿಸತೊಡಗಿತು. ತನ್ನ ಬಲಗಾಲನ್ನು ಅವಳು ಬೇರೆ ಯಾರದ್ದೋ ಕಾಲಿನಂತೆ ನೋಡತೊಡಗಿದಳು. ಮಂಚದ ಅಂಚಿನಲ್ಲಿ ಕೂತು ಪಾದವನ್ನು ನೆಲಕ್ಕೊತ್ತಿ, ಅದು ತನ್ನ ಮಾತು ಕೇಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವಳು. ಗಂಡ ಅದನ್ನು ನೋಡಿದ. ಮಾರನೆಯ ದಿನ ಹೊಲಿಗೆ ಯಂತ್ರ ನಿಲ್ಲಿಸಿ, ಅಮ್ಮ, ನೀನೇ ಒಮ್ಮೆ ಓಡಿಸಿ ನೋಡಬಾರದಾ, ಇವಳು ಪಕ್ಕದಲ್ಲಿ ಕೂರಲಿ ಎಂದ. ಅವನು ಬಾಯಿ ಬಿಟ್ಟದ್ದೇ ಅಪರೂಪ, ಅತ್ತೆಗೆ ಇಲ್ಲವೆನ್ನಲಾಗಲಿಲ್ಲ.

ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದೆ ಉದ್ದನೆಯ ಏರು ರಸ್ತೆಯಿತ್ತು. ಜನ ಇಲ್ಲ, ಗಾಡಿ ಇಲ್ಲ. ಅತ್ತೆ ಸ್ಟೀರಿಂಗ್ ಹಿಡಿದು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ, ಆಕ್ಸಿಲರೇಟರನ್ನು ನೆಲಕ್ಕೆ ತುಳಿದರು. ಮುಳ್ಳು ನಾಲ್ಕು ದಾಟಿತು, ಐದು ದಾಟಿತು. ಆರರ ಆಚೆ ಹೋಗುತ್ತಿದ್ದಂತೆ ಬಂತು ಅದು, ಪಟ್ ಪಟ್ ಎಂದು, ಕೂದಲೆಳೆಯಷ್ಟು ಸಣ್ಣ ಸದ್ದು, ಅದರ ಬೆನ್ನಿಗೇ ರಸ್ತೆಯ ಕುಲುಕಾಟದಲ್ಲಿ ಬೆರೆತುಹೋಗುವಷ್ಟು ಸಣ್ಣ ತೊದಲು.

ಸೊಸೆಗೆ ಮೊದಲು ಬಂದದ್ದು ಸಂತೋಷ. ಕುಣಿಯುವಷ್ಟು ಸಂತೋಷ. ತನ್ನ ಕಾಲಲ್ಲ, ತನ್ನ ಭಯವಲ್ಲ, ಗಾಡಿಯದ್ದೇ ರೋಗ. ಹೇಳಬೇಕೆಂದು ತಿರುಗಿದಳು. ಅತ್ತೆಯ ಮುಖ ನೆಮ್ಮದಿಯಾಗಿತ್ತು. ಪಾದ ನೆಲಕ್ಕೇ ಅಂಟಿತ್ತು. ಏರು ಮುಗಿದ ಮೇಲೆ ಗಾಡಿ ನಿಲ್ಲಿಸಿ ಅವರು ಹೆಮ್ಮೆಯಿಂದ ನಕ್ಕರು.

"ಕೇಳಿದ್ಯಾ? ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯ್ತು."

ಸೊಸೆ ಅತ್ತೆಯ ಕಿವಿಯನ್ನೇ ನೋಡಿದಳು. ಮನೆಯಲ್ಲಿ ಟೀವಿಯ ಸದ್ದು ತಿಂಗಳಿಂದ ತಿಂಗಳಿಗೆ ಏರುತ್ತಿದ್ದದ್ದು, ಮಗ ಮಾತಾಡಿದರೆ ಏನು ಗೊಣಗುತ್ತೀಯೋ ಎಂದು ಅತ್ತೆ ರೇಗುತ್ತಿದ್ದದ್ದು, ಅಡುಗೆಮನೆಯಿಂದ ಕರೆದರೆ ಓಗೊಡದಿದ್ದದ್ದು, ಎಲ್ಲ ಒಂದರ ಹಿಂದೆ ಒಂದು ನೆನಪಾದವು. ದಪ್ಪ ಸದ್ದುಗಳು ಈ ಹೆಂಗಸಿಗೆ ಇನ್ನೂ ಕೇಳುತ್ತಿವೆ, ಸಣ್ಣವು ಯಾವಾಗಲೋ ಕೈಬಿಟ್ಟಿವೆ. ಅದು ಅವರಿಗೇ ಗೊತ್ತಿಲ್ಲ.

ಏನು ಮಾಡುವುದು? ಬಾಯಿ ಬಿಟ್ಟರೆ ತನ್ನ ಕಾಲು ಗೆಲ್ಲುತ್ತದೆ, ಅತ್ತೆಯ ಕಿವಿ ಹೋಗುತ್ತದೆ. ಆ ಕಿವಿಯ ಮೇಲೆ ಗ್ಯಾರೇಜು ನಿಂತಿದೆ, ಅದಕ್ಕಿಂತ ಹೆಚ್ಚಾಗಿ ಅತ್ತೆಯೇ ನಿಂತಿದ್ದಾರೆ. ಸುಮ್ಮನಿದ್ದು ಏನೋ ನೆಪ ಹೇಳಿ ಹೊರಗೆ ಯಾರ ಕೈಲಾದರೂ ಸರಿ ಮಾಡಿಸಬಹುದು. ಆಗ ಹೆದರುಪುಕ್ಕಲಿ ಎಂಬ ಹೆಸರು ಮಾತ್ರ ತನಗೆ ಉಳಿಯುತ್ತದೆ. ಉಳಿಯಲಿ ಎಂದುಕೊಳ್ಳುವಷ್ಟು ದೊಡ್ಡ ಮನಸ್ಸು ಅವಳಿಗಿರಲಿಲ್ಲ, ಯಾರಿಗಿರುತ್ತದೆ? ಆದರೆ ಅತ್ತೆಯ ಮುಖದ ಮೇಲೆ ಹೊಡೆದ ಹಾಗೆ ಹೇಳಲೂ ನಾಲಿಗೆ ಏಳಲಿಲ್ಲ.

"ಅತ್ತೆ, ಇನ್ನೊಂದ್ಸಲ ಹೋಗೋಣ. ನಾನು ಓಡಿಸ್ತೀನಿ. ಈ ಸಲ ನೀವು ಕೇಳಿಸ್ಕೋಬೇಡಿ. ಒಂದು ಕೈ ನನ್ನ ಬಲಮಂಡಿ ಮೇಲಿಡಿ, ಇನ್ನೊಂದು ಗೇರಿನ ಹಿಡಿ ಮೇಲೆ."

ಇದೇನು ಹೊಸ ನಾಟಕ ಎಂದುಕೊಂಡರೂ ಅತ್ತೆ ವಾಲಿ ಕೈಯಿಟ್ಟರು. ಕಾರು ಏರಿತು. ಆರು ಸಾವಿರದ ಆಚೆ ಗೇರಿನ ಹಿಡಿ ಅವರ ಅಂಗೈಯಲ್ಲಿ ತೊದಲಿತು, ಒಮ್ಮೆಯಲ್ಲ, ಏರು ಮುಗಿಯುವವರೆಗೂ. ಇನ್ನೊಂದು ಅಂಗೈಯ ಕೆಳಗೆ ಸೊಸೆಯ ಮಂಡಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಗಾಡಿ ನಿಂತ ಮೇಲೂ ಅತ್ತೆ ಕೈ ತೆಗೆಯಲಿಲ್ಲ.

"ಇದು ನಿಂಗೆ ಕೇಳ್ಸತ್ತಾ?"

"ಕೇಳ್ಸತ್ತೆ."

"ಮೊದಲಿಂದಲೂ?"

ಸೊಸೆ ತಲೆಯಾಡಿಸಿದಳು. ಅತ್ತೆ ತಮ್ಮ ಕಿವಿಯನ್ನು ಒಮ್ಮೆ ಮುಟ್ಟಿಕೊಂಡರು. ಕಣ್ಣು ತುಂಬಿತು. ಅವರು ಅಳುವುದನ್ನು ಸೊಸೆ ಅದುವರೆಗೆ ನೋಡಿರಲಿಲ್ಲ, ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಖಾಲಿ ರಸ್ತೆಯ ಮಧ್ಯೆ ಕಾರಿನೊಳಗೆ ಕೂತು ಅತ್ತರು.

ಅಳು ಮುಗಿಯುವ ಹೊತ್ತಿಗೆ ಅತ್ತೆಯೊಳಗಿನ ಮೆಕ್ಯಾನಿಕ್ ಎದ್ದು ಕೂತಿದ್ದರು. ಕಿವಿ ಹೋದರೇನು, ತಲೆ ಇತ್ತಲ್ಲ. ನಿಂತ ಗಾಡಿಯಲ್ಲಿ ಸೊಸೆಗೂ ತೊದಲು ಕೇಳಿರಲಿಲ್ಲ, ಏರಿನಲ್ಲಿ ಮಾತ್ರ ತಪ್ಪು. ಹಾಗಾದರೆ ಒತ್ತಡದ ಗಾಳಿ ತುಂಬಿದಾಗಲೇ ಕಿಡಿ ಸೋಲುತ್ತಿದೆ. ಮನೆಗೆ ಬಂದು ಪ್ಲಗ್ಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದವರೇ ಹಣೆ ಚಚ್ಚಿಕೊಂಡರು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದನ್ನು ಒಂದಿಷ್ಟು ಹೆಚ್ಚು ಬಿಡುವುದು ಮಾವನ ಕಾಲದಿಂದ ಆ ಗ್ಯಾರೇಜಿನ ಪದ್ಧತಿ. ಸಂದು ಅಗಲವಿದ್ದರೆ ಕಿಡಿ ದಪ್ಪ ಎಂದು ಅವರು ಕಲಿಸಿದ್ದರು, ಹಳೆಯ ಇಂಜಿನ್ನುಗಳಿಗೆ ಅದು ಸರಿಯೂ ಆಗಿತ್ತು. ಮಿಕ್ಕೆಲ್ಲವನ್ನೂ ಬದಲಿಸಿದ ಅತ್ತೆ ಗಂಡ ಹೇಳಿಕೊಟ್ಟದ್ದನ್ನು ಮಾತ್ರ ಮುಟ್ಟಿರಲಿಲ್ಲ, ಮುಟ್ಟಬೇಕೆಂದು ಹೊಳೆದೂ ಇರಲಿಲ್ಲ. ಒತ್ತಿ ತುಂಬಿದ ಗಾಳಿಯಲ್ಲಿ ಅಷ್ಟು ಅಗಲ ದಾಟಲು ಕಿಡಿಗೆ ಶಕ್ತಿ ಸಾಲದು. ಅತ್ತೆ ಒಂದೊಂದೇ ಪ್ಲಗ್ಗಿನ ತುದಿಯನ್ನು ಮೇಜಿಗೆ ಮೆಲ್ಲಗೆ ತಟ್ಟಿ ಬಾಗಿಸಿ ಸಂದು ಕಿರಿದು ಮಾಡಿ, ತೆಳುವಾದ ಉಕ್ಕಿನ ಪಟ್ಟಿ ತೂರಿಸಿ ಅಳೆದರು. ಅಳೆದದ್ದನ್ನು ಇನ್ನೊಮ್ಮೆ ನೋಡು ಎಂದು ಸೊಸೆಯ ಕೈಗೂ ಕೊಟ್ಟರು.

ಸಂಜೆಯೊಳಗೆ ಅದೇ ರಸ್ತೆ, ಅದೇ ಏರು. ಮುಳ್ಳು ಆರು ದಾಟಿತು, ಏಳರ ಹತ್ತಿರ ಹೋಯಿತು, ಇಂಜಿನ್ ಎಲ್ಲೂ ಎಡವಲಿಲ್ಲ. ಗೇರಿನ ಹಿಡಿಯ ಮೇಲಿದ್ದ ಅತ್ತೆಯ ಅಂಗೈಗೆ ತಾಗಿದ್ದು ಇಂಜಿನ್ನಿನ ಒಂದೇ ಸಮನಾದ ಅದುರು. ಅವರು ಸೊಸೆಯ ಬೆನ್ನು ತಟ್ಟಿದರು.

ಗ್ಯಾರೇಜಿಗೆ ಬಂದದ್ದೇ ಮಗನ ಎದುರಿಗೆ ಟೈರ್ ಅಂಗಡಿಯವನಿಗೆ ಫೋನ್ ಹಚ್ಚಿದರು. ಈ ಮಾತು ಬೇರೆಯವರ ಬಾಯಿಂದ ಹೋಗುವುದು ಅವರಿಗೆ ಬೇಡವಾಗಿತ್ತು. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಭಾನುವಾರ ನೀನು ಬರೋದು ಬೇಡಪ್ಪ, ನನ್ನ ಸೊಸೇನೇ ಓಡಿಸ್ತಾಳೆ. ಅವಳ ಕಾಲಿಗೇನೂ ಆಗಿಲ್ಲ. ಕೆಟ್ಟಿರೋದು ನನ್ನ ಕಿವಿ. ಎಲ್ಲರಿಗೂ ಹೇಳು, ನಾನೇ ಹೇಳಿದೆ ಅಂತ ಹೇಳು."

ಆ ಕಡೆಯವನು ಏನೋ ಉತ್ತರ ಕೊಡುತ್ತಿದ್ದ. ಅತ್ತೆ ಫೋನನ್ನು ಕಿವಿಗೊತ್ತಿ ಹುಬ್ಬು ಗಂಟಿಕ್ಕಿದರು, ಇನ್ನೊಂದು ಕಿವಿಗೆ ಬದಲಿಸಿದರು. ಆಮೇಲೆ ಸಂಕೋಚವಿಲ್ಲದೆ ಅದನ್ನು ಸೊಸೆಯ ಕೈಗಿಟ್ಟರು.

"ಏನಂತಾನೆ ಕೇಳಿ ಹೇಳಮ್ಮ ನಂಗೆ."