ರೀಲಿನ ಮೊದಲ ಚಿತ್ರ

ತಾಬಿಲ್ದಿಯ ಹೆಂಡತಿ ಕಾಲಿಚಾ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಊಟದ ಹೊತ್ತಿಗೆ ಗೋರಿಗೆ ಕಲ್ಲು ನಿಲ್ಲಿಸಬೇಕು, ಕಲ್ಲಿನ ಮೇಲೆ ಅವಳ ಮುಖ ಇರಬೇಕು. ಫೋಟೋ ಕೊಡಿ ಅಂತ ಕೆತ್ತುವವನು ನಾರಿನ್ ಪೇಟೆಯಿಂದ ಹೇಳಿಕಳಿಸುತ್ತಲೇ ಇದ್ದ. ಎಲ್ಲಿಂದ ತರೋದು? ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಪುಣ್ಯಾತ್ಗಿತ್ತಿ ತಲೆವಸ್ತ್ರ ಮುಖಕ್ಕೆಳೆದುಕೊಂಡು ಒಳಗೆ ಓಡುತ್ತಿದ್ದಳು. ಇದ್ದದ್ದು ಪಾಸ್‌ಪೋರ್ಟಿನ ಫೋಟೋ ಒಂದೇ. ಅದರಲ್ಲೋ, ಕುರಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಳು.

"ಅದನ್ನೇನಾದ್ರೂ ಕೆತ್ತಿಸಿದ್ರೆ ಅಕ್ಕ ಎದ್ದು ಬಂದು ಬಾರಿಸ್ತಾಳೆ," ಅಂದಳು ನಾದಿನಿ ಜಿಪಾರ್, ಚಹಾ ಬಗ್ಗಿಸುತ್ತ. "ಅಲ್ಲ ಭಾವ, ಆಕಾಶದಲ್ಲಿರೋ ಚುಕ್ಕಿನೆಲ್ಲ ಫೋಟೋ ಹಿಡಿದ್ರಿ. ಮನೇಲಿದ್ದ ಒಬ್ಬ ಹೆಂಡ್ತಿ ಕಣ್ಣಿಗೆ ಬೀಳ್ಲಿಲ್ವಾ?"

"ಬಾಯ್ಮುಚ್ಕೊಂಡು ಚಹಾ ಕೊಡೇ," ಅಂದನೇನೋ ನಿಜ, ಮಾತು ಚುಚ್ಚಿತ್ತು. ಬೆಟ್ಟದ ಚಳಿಯಲ್ಲಿ ಕೂತು ಕೃತ್ತಿಕೆಗೆ, ಮಹಾವ್ಯಾಧನ ನೀಹಾರಿಕೆಗೆ ಗಂಟೆಗಟ್ಟಲೆ ಕ್ಯಾಮೆರಾ ತೆರೆದಿಟ್ಟವನು ಅವನು.

ಜಿಪಾರ್ ಬಿಡುವ ಪೈಕಿಯಲ್ಲ. ಬೀರುವಿನ ಮೇಲಿದ್ದ ಹಳೇ ಬಿಸ್ಕತ್ತಿನ ಡಬ್ಬಿ ಇಳಿಸಿ, ನೆಗೆಟಿವ್ ಪಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಬಿಸಿಲಿಗೆ ಹಿಡಿದಳು.

"ಇದ್ಯಾರು ಭಾವ, ಬಿಳಿ ಜಡೆ ಮುದುಕಿ? ಕೈಯಲ್ಲಿ ಸೌಟು ಬೇರೆ!"

ತಾಬಿಲ್ದಿ ಬಟ್ಟಲು ಕೆಳಗಿಟ್ಟ.

"ಮುದುಕಿ ಅಲ್ವೇ. ನೆಗೆಟಿವ್‌ನಲ್ಲಿ ಕಪ್ಪು ಬೆಳ್ಳಗೆ ಕಾಣತ್ತೆ. ಅದು ನಿಮ್ಮಕ್ಕ. ಮದುವೆಯಾದ ಹೊಸದರಲ್ಲಿ."

ಅಯ್ಯೋ, ಮರೆತೇಹೋಗಿತ್ತಲ್ಲ! ಒಮ್ಮೆ ಸ್ಟುಡಿಯೋದವನು, ಇರುಳಿನ ಚಿತ್ರಗಳ ಅಂಚು ಕಾಣದೆ, ರೀಲೆಲ್ಲ ಖಾಲಿ ಅಂದುಕೊಂಡು ನೀಹಾರಿಕೆಯನ್ನು ನಡುಮಧ್ಯಕ್ಕೆ ಕತ್ತರಿಸಿ ಕೊಟ್ಟಿದ್ದ. ಅಂದಿನಿಂದ ಹೊಸ ರೀಲಿನ ಮೊದಲ ಚಿತ್ರವನ್ನು ಹಗಲಲ್ಲೇ ತೆಗೆಯುವುದು, ಎಲ್ಲಿಂದ ಕತ್ತರಿಸಬೇಕೆಂದು ಅವನಿಗೆ ತಿಳಿಯಲಿ ಅಂತ. ಕೈಗೆ ಸಿಗುತ್ತಿದ್ದವಳು ಕಾಲಿಚಾ. "ಇದು ಫೋಟೋ ಅಲ್ಲ ಮಾರಾಯ್ತಿ, ಕತ್ತರಿಗೆ ಗುರುತು. ಪ್ರಿಂಟೂ ಹಾಕ್ಸಲ್ಲ" ಅಂದರೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಆಯ್ತಾ? ಆಯ್ತಾ?" ಅಂತ ಒಂದೇ ರಾಗ. ಆದರೆ ಇವನು ಆಯ್ತು ಹೋಗು ಅನ್ನುವವರೆಗೆ ಅಲ್ಲಾಡುತ್ತಿರಲಿಲ್ಲ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಗುರುತು ಬೇಡವಾಯಿತು, ಅವಳನ್ನು ಬಾಗಿಲಿಗೆ ಕರೆಯುವುದೂ ನಿಂತಿತು.

ಇಬ್ಬರೂ ಪಟ್ಟಿಗಳನ್ನು ಸಾಲಾಗಿ ಹರಡಿದರು. ಹಿಟ್ಟು ಮೆತ್ತಿದ ಕೈ, ಕಂಕುಳಲ್ಲಿ ಕುರಿಮರಿ, ಒಂದರಲ್ಲಿ ಹಾಲಿನ ಬಕೆಟ್ಟು. ರೀಲಿನಿಂದ ರೀಲಿಗೆ ಜಡೆ ಕಪ್ಪಾಗುತ್ತ ಬಂದಿತ್ತು. ಅಂದರೆ ಅವಳು ನರೆಯುತ್ತ ಬಂದಿದ್ದಳು.

"ಈ ಚಿಕ್ಕ ವಯಸ್ಸಿಂದೇ ಕೊಡೋಣ. ಎಷ್ಟು ಲಕ್ಷಣವಾಗಿದಾಳೆ."

ತಾಬಿಲ್ದಿ ಕೊನೆಯ ರೀಲಿನದನ್ನು ಎತ್ತಿಕೊಂಡ. ಜಡೆ ಪೂರಾ ಕಪ್ಪು, ಬಾಯಿ ಅರ್ಧ ತೆರೆದಿದೆ.

"ಇದು ಸಾಕು. ನನ್ನ ಜೊತೆ ಮುದುಕಿಯಾದೋಳು ಇವಳು."

"ಏನೋ ಬೈತಿದಾಳಲ್ಲ ಭಾವ ಇದ್ರಲ್ಲಿ?"

"ಬೈತಿಲ್ಲ. ಆಯ್ತಾ ಅಂತ ಕೇಳ್ತಿದಾಳೆ."

ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಬಂತು. ಜಿಪಾರ್ ಮುಂದೆ ಅಳುವುದಕ್ಕೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿ, ಪಟ್ಟಿಯನ್ನು ಬೆಳಕಿಗೆ ಹಿಡಿದ.

"ಇನ್ನೂ ಆಗಿಲ್ಲ ಕಣೇ," ಅಂದ. "ಸ್ವಲ್ಪ ಹಾಗೇ ನಿಂತಿರು."